ಕತ್ತಿನ ಕಿತ್ತಳೆ

ಗೇಟಿನಲ್ಲಿ ಕೂತವನಿಗೆ ಜನರ ಮುಖಕ್ಕಿಂತ ಅವರ ಊಟದ ಡಬ್ಬಿ ಹೆಚ್ಚು ಗುರುತಿರುತ್ತದೆ. ಹಣ್ಣಿನ ಸಂಶೋಧನಾ ಕೇಂದ್ರದ ಬಲೆಮನೆಯ ಮುಂದೆ ನಾನು ಹದಿನಾರು ವರ್ಷ ಕೂತಿದ್ದೇನೆ. ಬಲೆಮನೆ ಎಂದರೆ ಕಬ್ಬಿಣದ ಚೌಕಟ್ಟಿಗೆ ನುಸಿ ಕೂಡ ನುಸುಳದಷ್ಟು ಸಣ್ಣ ಕಣ್ಣಿನ ಬಲೆ ಹೊದಿಸಿದ ಜಾಗ. ಒಳಗೆ ಗಿಡಗಳು. ಒಂದರ ಹಿಂದೆ ಒಂದು ಎರಡು ಬಾಗಿಲು, ನಡುವೆ ಕಾಲು ಅದ್ದಲು ಔಷಧಿ ನೀರಿನ ತಟ್ಟೆ, ಮೊಳೆಗೆ ತೂಗುಹಾಕಿದ ಬಿಳಿ ಕೋಟುಗಳು, ಹೊರಗೆ ಒಂದು ಮೇಜು, ಮೇಜಿನ ಹಿಂದೆ ನಾನು. ಒಳಗಿನ ಒಂದು ಎಲೆಯೂ ಹೊರಗೆ ಹೋಗಕೂಡದು. ಒಮ್ಮೆ ನಿರ್ದೇಶಕರ ಬೂಟಿನ ಅಡಿಗೆ ಎಲೆಯ ಚೂರು ಅಂಟಿತ್ತೆಂದು ಅವರನ್ನೇ ವಾಪಸ್ ಕಳಿಸಿ ಕಾಲು ತೊಳೆಸಿದವನು ನಾನು. ಅಂದಿನಿಂದ ನನಗೆ ‘ಬೀಗ’ ಎಂದು ಹೆಸರು ಬಿತ್ತು. ಅವರು ಬೈಗುಳವೆಂದು ಇಟ್ಟರು, ನಾನು ಬಿರುದೆಂದು ಇಟ್ಟುಕೊಂಡೆ.

ಹೇಳಬೇಕಾದ್ದು ನನ್ನ ಬದುಕಲ್ಲ, ಕಸಿಯಕ್ಕನದು. ಆದರೆ ಅದು ಹೀಗೆ ಮುಗಿಯುವುದಕ್ಕೆ ನಾನೇ ಕಾರಣವಾದ್ದರಿಂದ ನಡುನಡುವೆ ನನ್ನ ಮೂತಿಯೂ ಕಾಣಿಸುತ್ತದೆ. ಸಹಿಸಿಕೊಳ್ಳಿ.

ಕಸಿಯಕ್ಕನ ಡಬ್ಬಿ ಅಲ್ಯುಮಿನಿಯಮ್ಮಿನದು. ಒಂದು ಬದಿ ತಗ್ಗಿ ಹೋಗಿ ಮುಚ್ಚಳ ಸರಿಯಾಗಿ ಕೂರುತ್ತಿರಲಿಲ್ಲ. ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯನ್ನೇ ಸುತ್ತಿ ಬಿಗಿದಿರುತ್ತಿದ್ದಳು. ದಿನಾ ಸಂಜೆ ಐದಕ್ಕೆ ನನ್ನ ಮೇಜಿನ ಮುಂದೆ ನಿಂತು ಪಟ್ಟಿ ಬಿಚ್ಚಿ, ಮುಚ್ಚಳ ತೆಗೆದು, ಡಬ್ಬಿಯನ್ನು ನನ್ನ ಕಡೆ ವಾಲಿಸಿ, “ಏನಿಲ್ಲಣ್ಣ” ಎನ್ನುತ್ತಿದ್ದಳು.

“ಇದ್ರೆ ತಾನೆ?” ಎನ್ನುತ್ತಿದ್ದೆ ನಾನು.

“ಇದ್ದಿದ್ರೆ ನಿಮ್ಗೂ ಒಂದು ತೊಳೆ ಕೊಡ್ತಿದ್ದೆ ಬಿಡಿ.”

ವರ್ಷಗಟ್ಟಲೆ ಇದೇ ಮಾತು, ಇದೇ ನಗು. ಬರಬರುತ್ತಾ ನಾನು ಡಬ್ಬಿಯೊಳಗೆ ನೋಡುವುದನ್ನೇ ಬಿಟ್ಟಿದ್ದೆ. “ಏನಿಲ್ಲಣ್ಣ” ಕಿವಿಗೆ ಬಿದ್ದರೆ ಸಾಕು, ಕೈ ತಾನಾಗಿಯೇ ಗೇಟಿನ ಚಿಲಕಕ್ಕೆ ಹೋಗುತ್ತಿತ್ತು.

ಅವಳು ಹುಟ್ಟಿದ್ದು ನರ್ಸರಿಯಲ್ಲಿ, ಸಸಿಗಳ ಚೀಲಗಳ ನಡುವೆ. ಅವಳಪ್ಪ ಕಸಿ ಕಟ್ಟುವವನು. ಮನೆಯ ಹಿಂದೆ ತಾನಾಗಿ ಎದ್ದ ಒಂದು ಕಿತ್ತಳೆ ಮರವಿತ್ತಂತೆ. ಹಣ್ಣಿಗೆ ತೊಟ್ಟಿನ ಬಳಿ ಸಣ್ಣ ಕುತ್ತಿಗೆ, ಹಾಗಾಗಿ ಕತ್ತಿನ ಕಿತ್ತಳೆ ಎಂದೇ ಜನ ಕರೆದರು. ಸಿಪ್ಪೆ ತೆಳು, ತೊಳೆ ಹಿಡಿದರೆ ಒಡೆಯುವಷ್ಟು ರಸ, ಬೀಜ ಒಂದೂ ಇಲ್ಲ. ಬೀಜವಿಲ್ಲದ ಮೇಲೆ ಇನ್ನೊಂದು ಮರ ಬೇಕೆಂದರೆ ಒಂದೇ ದಾರಿ. ಆ ಮರದ ಕಡ್ಡಿಯಿಂದ ಒಂದು ಕಣ್ಣು, ಅಂದರೆ ಎಲೆಯ ಬುಡದ ಮೊಗ್ಗು, ತೊಗಟೆ ಸಮೇತ ಕೆತ್ತಿ ತೆಗೆದು ಹುಳಿಕಿತ್ತಳೆಯ ಸಸಿಯ ಮೈಯೊಳಗೆ ಕೂರಿಸಿ ಕಟ್ಟಬೇಕು. ಅಪ್ಪನಿಗೆ ಕಣ್ಣು ಮಂಜಾದ ಮೇಲೆ ಆ ಚಾಕು ಮಗಳ ಕೈಗೆ ಬಂತು. ಹದಿನಾರನೇ ವಯಸ್ಸಿಗೆ ಬುಟ್ಟಿಯಲ್ಲಿ ಒದ್ದೆ ಬಟ್ಟೆ ಸುತ್ತಿದ ಕಡ್ಡಿಗಳನ್ನಿಟ್ಟುಕೊಂಡು ತೋಟದಿಂದ ತೋಟಕ್ಕೆ ಹೊರಟವಳು ಮೂವತ್ತರವರೆಗೂ ನಡೆದಳು. ಮದುವೆಯ ಮಾತು ತಂದವರಿಗೆ, “ನಾನೇ ದಿನಾ ನೂರು ಮದುವೆ ಮಾಡಿಸ್ತೀನಿ, ನಂದೊಂದು ಯಾಕೆ?” ಎಂದು ನಕ್ಕು ಕಳಿಸಿದಳಂತೆ. ಅವಳು ಕೂರಿಸಿದ ಕಣ್ಣು ಸತ್ತದ್ದೇ ಇಲ್ಲ ಎಂದು ತೋಟದವರು ಹೇಳುತ್ತಿದ್ದರು.

ಆಮೇಲೆ ಆ ತೋಟಗಳು ಸಾಯತೊಡಗಿದವು. ಎಲೆ ಹಳದಿಯಾಗಿ, ಕೊಂಬೆ ತುದಿಯಿಂದ ಒಣಗಿ, ಗೋಲಿಯಷ್ಟು ಹಣ್ಣು ಬಿಟ್ಟು ಮರ ಎರಡೇ ವರ್ಷಕ್ಕೆ ಸೌದೆಯಾಗುತ್ತಿತ್ತು. ನಮ್ಮ ಕೇಂದ್ರದ ಡಾಕ್ಟರಮ್ಮ ಬಂದು ಪರೀಕ್ಷೆ ಮಾಡಿದರು. ಡಾಕ್ಟರಮ್ಮ ಎಂದರೆ ಗಿಡಗಳ ಡಾಕ್ಟರು, ವೈರಸ್ ಓದಿಕೊಂಡವರು. ರೋಗ ಎಲ್ಲಿಂದ ಎಂದು ಹುಡುಕುತ್ತಾ ಹೋದವರು ಕೊನೆಗೆ ಕಸಿಯಕ್ಕನ ಮನೆಯ ಹಿತ್ತಲಿಗೇ ಬಂದು ನಿಂತರು. ಅಪ್ಪನ ಮರದಲ್ಲಿ ವೈರಸ್ ಇತ್ತು. ಆ ಮರ ತನ್ನದೇ ಬೇರಿನ ಮೇಲೆ ನಿಂತಿದ್ದರಿಂದ ಅದಕ್ಕೆ ಏನೂ ಆಗಿರಲಿಲ್ಲ, ಹಸಿರಾಗಿ ನಗುತ್ತಾ ನಿಂತಿತ್ತು. ಅದರ ಕಣ್ಣನ್ನು ಹುಳಿಕಿತ್ತಳೆಯ ಬೇರಿಗೆ ಕೂರಿಸಿದಲ್ಲೆಲ್ಲ ರೋಗ ಎದ್ದಿತ್ತು. ಅಂದರೆ ಅದು ಗಾಳಿಯಲ್ಲಿ ಹಾರಿ ಹೋಗಿದ್ದಲ್ಲ, ಕಸಿಯಕ್ಕನ ಬುಟ್ಟಿಯಲ್ಲಿ ಕೂತು ಹೋಗಿತ್ತು. ಒಂದೂ ಕಸಿ ಸಾಯಿಸದ ಕೈ ನಲವತ್ತು ತೋಟ ಸಾಯಿಸಿತ್ತು.

ಸರ್ಕಾರದವರು ಗರಗಸ ತಂದು ಅಪ್ಪನ ಮರ ಕಡಿದರು. “ಕಣ್ಣು ಕೊಟ್ಟೋರೂ ನಾವೇ, ಕಣ್ಣು ಕಿತ್ತೋರೂ ನಾವೇ” ಎಂದನಂತೆ ಅಪ್ಪ, ಅಷ್ಟೇ. ಮಗಳನ್ನು ಒಂದು ಮಾತೂ ಆಡಲಿಲ್ಲ. ಆಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು.

ಕಡಿಯುವ ಮೊದಲು ಡಾಕ್ಟರಮ್ಮ ನಾಲ್ಕು ಚಿಗುರು ಕತ್ತರಿಸಿ ಬಾಟಲಿಗೆ ಹಾಕಿಕೊಂಡಿದ್ದರು. ಲ್ಯಾಬಿನಲ್ಲಿ ಚಿಗುರಿನಿಂದ ರೋಗ ಬಿಡಿಸಬಹುದಂತೆ. ಕಸಿಯಕ್ಕನನ್ನು ಕರೆದು, “ನನ್ನ ಹತ್ರ ಕೆಲಸಕ್ಕೆ ಬನ್ನಿ. ಈ ಕಿತ್ತಳೆಗೆ ಈ ರೋಗ ಹತ್ತದ ಹಾಗೆ ಮಾಡೋಣ” ಎಂದರು. ಮಾರನೆಯ ದಿನವೇ ಡಬ್ಬಿ ಹಿಡಿದು ಬಂದಳು.

ಒಳಗೆ ಏನು ನಡೆಯುತ್ತದೆಂದು ನಾನೊಮ್ಮೆ ಡಾಕ್ಟರಮ್ಮನನ್ನು ಕೇಳಿದ್ದೆ. “ವೈರಸ್ಸಿನ ಜೀನಿನದೇ ಒಂದು ಚೂರು ತಗೊಂಡು ಗಿಡದ ಜೀನಿನೊಳಗೆ ಸೇರಿಸ್ತೀವಿ. ನಿಮ್ಮ ಗೇಟಲ್ಲಿ ಕಳ್ಳನ ಫೋಟೋ ಅಂಟಿಸಿದ ಹಾಗೆ ಅಂದ್ಕೊಳ್ಳಿ. ಕಳ್ಳ ಬಂದ ತಕ್ಷಣ ಗಿಡ ಗುರುತು ಹಿಡಿದು ಅವನನ್ನ ಚೂರು ಚೂರು ಮಾಡುತ್ತೆ” ಎಂದರು. ನನಗೆ ಬಹಳ ಹಿಡಿಸಿತು. ನಮ್ಮ ಕಸುಬಿನ ಗಿಡ ಎಂದುಕೊಂಡೆ.

ಫೋಟೋ ಅಂಟಿಸುವುದು ಹೇಳಿದಷ್ಟು ಸುಲಭವಾಗಿರಲಿಲ್ಲ. ಬಾಟಲಿಯಲ್ಲಿ ಏಳುವ ಚಿಗುರು ಸಾಸಿವೆ ಕಾಳಿನಷ್ಟಿರುತ್ತದೆ, ಬೇರು ಬಿಡುವುದಿಲ್ಲ. ಅದನ್ನು ಭೂತಗನ್ನಡಿಯ ಕೆಳಗೆ ನೂಲಿನಷ್ಟು ತೆಳುವಾದ ಸಸಿಯ ತಲೆಯ ಮೇಲೆ ಕೂರಿಸಬೇಕು. ಓದಿದವರ ಕೈಲಿ ಆಗಲಿಲ್ಲ. ಕಸಿಯಕ್ಕ ಉಸಿರು ಹಿಡಿದು ಕೂರಿಸುತ್ತಿದ್ದಳು, ವರ್ಷಕ್ಕೆ ನೂರಾರು. ಹೆಚ್ಚಿನವು ಸತ್ತವು. ಬದುಕಿದವುಗಳಲ್ಲಿ ಹೆಚ್ಚಿನವಕ್ಕೆ ರೋಗ ಹತ್ತಿತು. ಏಳನೇ ವರ್ಷ ಹದಿನೇಳನೇ ನಂಬರಿನದೊಂದು ನಿಂತಿತು. ಅದರ ಪಕ್ಕದಲ್ಲಿ ಏನೂ ಸೇರಿಸದ ಮಾಮೂಲಿ ಕತ್ತಿನ ಕಿತ್ತಳೆಯ ಸಸಿಗಳನ್ನಿಟ್ಟು, ರೋಗ ಹತ್ತುತ್ತದೋ ಇಲ್ಲವೋ ನೋಡಲು ಎರಡಕ್ಕೂ ರೋಗದ ಮರದ ತೊಗಟೆಯ ಚೂರು ಕೂರಿಸಿ ಕಟ್ಟಿದಳು. ತಾನೇ ಕೈಯಾರೆ ಕಟ್ಟಿದಳು. ಮಾಮೂಲಿ ಗಿಡಗಳೆಲ್ಲ ಹಳದಿಯಾಗಿ ಸತ್ತವು. ಹದಿನೇಳು ಮಿಸುಕಲಿಲ್ಲ. ಅದರಿಂದ ಒಂಬತ್ತು ಗಿಡ ಮಾಡಿದಳು. ಭೂಮಿಯ ಮೇಲೆ ಕತ್ತಿನ ಕಿತ್ತಳೆ ಎಂಬುದು ಉಳಿದದ್ದು ಆ ಒಂಬತ್ತು ಗಿಡಗಳಲ್ಲಿ ಮಾತ್ರ.

ಆ ಸಂಜೆ ಡಬ್ಬಿ ತೋರಿಸುವಾಗ ಅವಳ ಮುಖ ನೋಡಬೇಕಿತ್ತು. “ಅಣ್ಣ, ಇನ್ನೊಂದು ಮೂರು ನಾಲ್ಕು ವರ್ಷಕ್ಕೆ ಎಲ್ಲಾ ತೋಟಕ್ಕೂ ಹೋಗಿ ಕಟ್ಟಿಕೊಟ್ಟು ಬರ್ತೀನಿ. ಒಬ್ಬೊಬ್ಬರ ಬಾಗ್ಲಿಗೂ ಹೋಗ್ತೀನಿ” ಎಂದಳು.

ಹೋಗಲಿಲ್ಲ. ಗಿಡಗಳು ಎದೆಯೆತ್ತರ ಬೆಳೆದು ಮೊಗ್ಗು ಬಿಡುವ ಹೊತ್ತಿಗೆ, ಇಂಥ ಗಿಡ ಬೆಳೆಸಲು ಸರ್ಕಾರ ಕೊಟ್ಟಿದ್ದ ಅನುಮತಿ ಪತ್ರದ ಶರತ್ತು ಎದ್ದು ಕೂತಿತು: ಹೂ ಅರಳಬಾರದು. ಅರಳಿದರೆ ಪರಾಗ ಹೊರಗೆ ಹೋದೀತು, ಬೇರೆ ಗಿಡಕ್ಕೆ ಸೇರೀತು. ಹಾಗಾಗಿ ಮೊಗ್ಗು ಕಂಡಲ್ಲಿ ಕಿತ್ತು ಸ್ಪಿರಿಟ್ಟಿನ ಡಬ್ಬಕ್ಕೆ ಹಾಕಬೇಕು. ಈ ಕೆಲಸವೂ ಅವಳಿಗೇ ಬಂತು. ಬೆಳಿಗ್ಗೆ ಒಂದು ಸುತ್ತು, ಮಧ್ಯಾಹ್ನ ಒಂದು ಸುತ್ತು, ಏಣಿ ಹಾಕಿಕೊಂಡು ಹೂಕಾಲ ಮುಗಿಯುವವರೆಗೆ ಚಿವುಟಿ ಚಿವುಟಿ ಹಾಕುತ್ತಿದ್ದಳು. ಹೀಗೆ ನಾಲ್ಕು ವರ್ಷ.

ಕಚೇರಿಯ ಕಡೆ ಏನು ನಡೆಯುತ್ತಿತ್ತು ಎಂದರೆ ಕೇಳಿ, ಹೊಟ್ಟೆ ಉರಿಯುತ್ತದೆ. ಹೊರಗೆ ನೆಡಲು ಅನುಮತಿ ಕೊಡಿ ಎಂದು ಡಾಕ್ಟರಮ್ಮ ಸರ್ಕಾರಕ್ಕೆ ಬರೆದರು. ಮೊದಲು ಈ ಹಣ್ಣು ತಿನ್ನಲು ಸುರಕ್ಷಿತವೆಂದು ತೋರಿಸಿ ಎಂದು ಉತ್ತರ ಬಂತು. ಸರಿ, ಹಣ್ಣು ಬಿಡಿಸಲು ಅನುಮತಿ ಕೊಡಿ ಎಂದು ಬರೆದರು. ಸುರಕ್ಷಿತವೆಂದು ತೋರಿಸದೆ ಹಣ್ಣು ಬಿಡಿಸಲು ಬಿಡುವುದು ಹೇಗೆ ಎಂದು ಉತ್ತರ ಬಂತು. ಅನುಮಾನ ಪಡುವುದು ತಪ್ಪೆಂದು ನಾನು ಹೇಳುವುದಿಲ್ಲ, ಅನುಮಾನ ಪಡುವುದೇ ನನ್ನ ಹೊಟ್ಟೆಪಾಡು. ಆದರೆ ಕಡಿಯಲೂ ಬಿಡದೆ ಬೆಳೆಯಲೂ ಬಿಡದೆ ನಾಲ್ಕು ವರ್ಷ ಗಾಣದೆತ್ತಿನ ಹಾಗೆ ಸುತ್ತಿಸಿದರಲ್ಲ.

ಆ ನಾಲ್ಕು ವರ್ಷದಲ್ಲಿ ಅವಳಪ್ಪ ಹಾಸಿಗೆ ಹಿಡಿದ. ಒಂದು ಪಕ್ಕ ಬಿದ್ದುಹೋಯಿತು, ಮಾತೂ ಹೋಯಿತು. ಉಳಿದದ್ದು ಎರಡು ಮಾತು. ಸಂಜೆ ಮಗಳ ಚಪ್ಪಲಿ ಸದ್ದು ಕೇಳಿದರೆ, “ಕತ್ತಿಂದು ಬಂತಾ?” ಎನ್ನುತ್ತಿದ್ದ. ಮರ ಕಡಿದದ್ದು ಅವನ ತಲೆಯಿಂದ ಅಳಿಸಿಹೋಗಿತ್ತು. ಅವಳು ಮಾರುಕಟ್ಟೆಯಿಂದ ಒಳ್ಳೆಯ ಕಿತ್ತಳೆ ತಂದು, ತೊಳೆಯ ಪೊರೆ ತೆಗೆದು ಬಾಯಿಗಿಡುತ್ತಿದ್ದಳು. ನಾಲಿಗೆಗೆ ತಾಗಿಸಿಕೊಂಡು ಉಗುಳಿ, “ಇದಲ್ಲ” ಎನ್ನುತ್ತಿದ್ದ. ಅದು ಎರಡನೆಯ ಮಾತು. ಎಷ್ಟೋ ತಿಂಗಳು ಮನೆಯಲ್ಲಿ ಬೇರೆ ಮಾತೇ ಇರಲಿಲ್ಲವಂತೆ. ಗಂಜಿಯನ್ನೂ ಕಡಿಮೆ ಮಾಡುತ್ತಾ ಬಂದ.

“ಒಂದು ತೊಳೆ ಕೊಟ್ಟು ಕಳಿಸಿದ್ರೆ ಸಾಕಣ್ಣ, ನೆಮ್ಮದಿಯಾಗಿ ಹೋಗ್ತಾರೆ” ಎಂದಳು ಒಮ್ಮೆ, ಡಬ್ಬಿಗೆ ಪಟ್ಟಿ ಸುತ್ತುತ್ತಾ.

“ಒಳಗೆ ಒಂಬತ್ತು ಮರ ಇಟ್ಕೊಂಡು ಒಂದು ತೊಳೆಗೆ ಗತಿಯಿಲ್ಲ ನೋಡು” ಎಂದು ನಾನೂ ನಕ್ಕೆ. ಅವಳು ನಗಲಿಲ್ಲ. ಅದನ್ನು ನಾನು ಗಮನಿಸಬೇಕಿತ್ತು.

ನಾಲ್ಕನೇ ವರ್ಷದ ಹೂಕಾಲದಲ್ಲಿ ಅವಳು ಒಂದು ಮೊಗ್ಗು ಕೀಳಲಿಲ್ಲ. ಮೂಲೆಯ ಗಿಡದಲ್ಲಿ, ಬಲೆಯ ಕಂಬಕ್ಕೆ ಒರಗಿದ ಕೊಂಬೆಯ ಒಳಬದಿಯಲ್ಲಿ ಅದಿತ್ತು. ಕದ್ದದ್ದರಲ್ಲೂ ಅವಳ ನಿಯತ್ತು ನೋಡಿ, ಪರಾಗ ಹೊರಗೆ ಹೋಗಬಾರದೆಂದು ಮೊಗ್ಗಿಗೆ ಕಾಗದದ ಚೀಲ ಕಟ್ಟಿ, ದಳ ಉದುರಿದ ಮೇಲೆ ಅದನ್ನೂ ತಂದು ಸ್ಪಿರಿಟ್ಟಿಗೆ ಹಾಕಿದ್ದಳು. ಬೀಜವಿಲ್ಲದ ಜಾತಿಗೆ ಪರಾಗ ಬೇಕಿಲ್ಲ. ಕಾಯಿ ಕಟ್ಟಿತು. ಕಿತ್ತಳೆ ಹಣ್ಣಾಗಲು ಬಸುರಿನಷ್ಟೇ ಕಾಲ ಬೇಕು. ಅಷ್ಟು ಕಾಲವೂ ಎಲೆಯ ಹಿಂದೆ ಎಲೆ ಸರಿಸಿ ಕಾಪಾಡಿದಳು, ಮನೆಯಲ್ಲಿ ಅಪ್ಪನನ್ನು ಚಮಚದಲ್ಲಿ ಕಾಪಾಡಿದಳು. ಎರಡರಲ್ಲಿ ಯಾವುದು ಮೊದಲು ಉದುರುತ್ತದೋ ಎಂಬ ದಿಗಿಲಿನಲ್ಲೇ ಇದ್ದಳು. ಇದೆಲ್ಲ ನನಗೆ ತಿಳಿದದ್ದು ಆಮೇಲೆ.

ಕಾಯಿಗೆ ಬಣ್ಣ ತಿರುಗುವ ಹೊತ್ತಿಗೆ ಆದೇಶ ಬಂತು. ಅನುಮತಿಯ ಅವಧಿ ಮುಗಿದಿದೆ, ಮುಂದುವರಿಸುವುದಿಲ್ಲ. ಒಂಬತ್ತು ಗಿಡ, ಬಾಟಲಿಯ ಚಿಗುರು, ಬೇರು, ಮಣ್ಣು ಎಲ್ಲವನ್ನೂ ಶುಕ್ರವಾರ ಕಿತ್ತು, ಹಬೆಯಲ್ಲಿ ಬೇಯಿಸಿ, ಸುಟ್ಟು ವರದಿ ಕಳಿಸತಕ್ಕದ್ದು. ಡಾಕ್ಟರಮ್ಮ ಆ ಕಾಗದವನ್ನು ನನ್ನ ಮೇಜಿನ ಮೇಲಿಟ್ಟು, “ಓದಿ, ನಿಮಗೂ ಪ್ರತಿ ಇದೆ” ಎಂದು ಹೇಳಿ ಔಷಧಿ ತಟ್ಟೆಯಲ್ಲಿ ಕಾಲು ಅದ್ದಲೂ ಮರೆತು ಒಳಗೆ ಹೋದರು. ನಾನು ಅವರನ್ನೂ ವಾಪಸ್ ಕರೆದು ಕಾಲು ಅದ್ದಿಸಿದೆ.

ಗುರುವಾರ ಸಂಜೆ ಐದಕ್ಕೆ ಕಸಿಯಕ್ಕ ಮೇಜಿನ ಮುಂದೆ ಬಂದು ನಿಂತಳು. ಬೇರೆ ಯಾರೂ ಇರಲಿಲ್ಲ. ನಾನು ಅಂದಿನ ಪತ್ರಿಕೆ ಮಡಚುತ್ತಿದ್ದೆ. ಪಟ್ಟಿ ಬಿಚ್ಚುವ ಸದ್ದಾಯಿತು, ಮುಚ್ಚಳದ ಸದ್ದಾಯಿತು. ಕೈ ಚಿಲಕದ ಕಡೆ ಹೋಗಬೇಕಿತ್ತು, ಹೋಗಲಿಲ್ಲ. ಏನೋ ಒಂದು ಕಡಿಮೆಯಾಗಿತ್ತು. ತಲೆಯೆತ್ತಿ ನೋಡಿದೆ. ಅವಳ ತುಟಿಗಳು ಅಲುಗುತ್ತಿದ್ದವು. ‘ಏನಿಲ್ಲಣ್ಣ’ ಬರುತ್ತಿರಲಿಲ್ಲ.

ಅಷ್ಟು ವರ್ಷ ಆಡಿದ ಮಾತು. ಅಂದೊಂದು ದಿನ ಸುಳ್ಳಾಗಿ ಆಡಿಬಿಟ್ಟಿದ್ದರೆ ನಾನು ನೋಡುತ್ತಲೇ ಇರಲಿಲ್ಲ. ಅವಳ ಕೈಲಿ ಆಗಲಿಲ್ಲ. ಹೂ ಕದ್ದವಳಿಗೆ ಒಂದು ಸುಳ್ಳು ಹೇಳಲು ಬರಲಿಲ್ಲ.

ಡಬ್ಬಿಯಲ್ಲಿ ಒದ್ದೆ ಬಟ್ಟೆಯ ಮೇಲೆ ಒಂದು ಕಿತ್ತಳೆ ಇತ್ತು. ಸಣ್ಣದು, ಒಂದು ಕೆನ್ನೆಯಲ್ಲಿ ಇನ್ನೂ ಹಸಿರು, ತೊಟ್ಟಿನ ಬಳಿ ಕುತ್ತಿಗೆ.

“ಅಪ್ಪಂಗೆ” ಎಂದಳು. “ನಾಲ್ಕು ದಿನದಿಂದ ನೀರು ಬಿಟ್ಟು ಏನೂ ಇಳೀತಿಲ್ಲ ಅಣ್ಣ. ಒಂದು ತೊಳೆ ಸಾಕು. ಸಿಪ್ಪೆ, ಉಳಿದಿದ್ದು ಎಲ್ಲಾ ಬೆಳಿಗ್ಗೆ ಇದೇ ಡಬ್ಬೀಲಿ ತಂದುಕೊಡ್ತೀನಿ. ಬೀಜ ಕೂಡ ಇಲ್ಲ ಇದ್ರಲ್ಲಿ, ನಿಮ್ಗೇ ಗೊತ್ತಲ್ಲ.”

“ಗೊತ್ತು.”

“ನಾಳೆ ಹೇಗೂ ಸುಡ್ತಾರೆ.”

“ನಾಳೆ ಸುಡ್ತಾರೆ. ಇವತ್ತು ರೂಲ್ಸ್ ಇದೆ” ಎಂದೆ.

ಹೆದರಿ ಹಾಗೆ ಮಾಡಿದೆ ಎಂದರೆ ಸುಳ್ಳಾಗುತ್ತದೆ. ನನ್ನ ಕೆಲಸ ಹೋಗುತ್ತಿರಲಿಲ್ಲ, ಯಾರಿಗೂ ತಿಳಿಯುತ್ತಿರಲಿಲ್ಲ. ಅದು ವಿಷವೆಂಬ ಭಯವೂ ಇರಲಿಲ್ಲ, ಮೂಗಿನ ತುದಿಯಲ್ಲಿದ್ದ ಮುದುಕನ ಜೀವಕ್ಕೆ ಇನ್ನೆಂಥ ವಿಷ. ಹದಿನಾರು ವರ್ಷ ಒಂದು ಎಲೆ ದಾಟಿಸಿಲ್ಲ, ಕೊನೆಯ ದಿನ ಯಾಕೆ ದಾಟಿಸಲಿ ಎಂಬುದಷ್ಟೇ ನನ್ನ ತಲೆಯಲ್ಲಿತ್ತು. ನನ್ನ ಬಿರುದಿಗೆ ಕುಂದು ಬಾರದಿರಲಿ ಎಂದು. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ನಾನೇ ಎಷ್ಟು ಜನರನ್ನು ಹಂಗಿಸಿದ್ದೇನೋ. ಥೂ ನನ್ನ ಜನ್ಮಕ್ಕೆ.

ಅವಳು ಜಗಳವಾಡಲಿಲ್ಲ. “ಒಂದ್ಸಲ ಮುಟ್ಲಾ?” ಎಂದಳು.

“ಬೇಗ” ಎಂದೆ.

ಹಣ್ಣನ್ನು ಎತ್ತಿಕೊಂಡು ಹೆಬ್ಬೆರಳ ಉಗುರಿನಿಂದ ಸಿಪ್ಪೆಯನ್ನು ಉದ್ದಕ್ಕೆ ಗೀರಿದಳು. ಘಮ್ಮೆಂದಿತು. ಅಷ್ಟು ಕಾಲ ಆ ಗಿಡಗಳನ್ನು ಕಾದರೂ ಆ ಹಣ್ಣಿನ ವಾಸನೆ ನನಗೆ ಗೊತ್ತಾದದ್ದು ಆಗಲೇ. ಹಣ್ಣನ್ನು ನನ್ನ ಕೈಗಿಟ್ಟು, ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿಕೊಂಡು, ಡಬ್ಬಿಯನ್ನು ಇನ್ನೊಂದು ಕೈಲಿ ಹಿಡಿದು ಹೊರಟುಹೋದಳು. ಪಟ್ಟಿ ನನ್ನ ಮೇಜಿನ ಮೇಲೇ ಉಳಿಯಿತು. ನಾನು ಹಣ್ಣನ್ನು ಸುಡುವ ಚೀಲಕ್ಕೆ ಹಾಕಿ ಬಾಯಿ ಕಟ್ಟಿ, ರಿಜಿಸ್ಟರಿನಲ್ಲಿ ಸಮಯ ಬರೆದು, ಸಹಿ ಹಾಕಿದೆ.

ಶುಕ್ರವಾರ ಅವಳು ಬಂದಳು. ತಾನು ಕಟ್ಟಿದ ಗಿಡಗಳನ್ನು ಬೇರೆಯವರು ಕೀಳುವುದು ಬೇಡವೆಂದು ತಾನೇ ಕಿತ್ತಳು. ಬೇರಿನ ಮಣ್ಣು ಕೊಡವಿ, ಕೊಂಬೆ ಕತ್ತರಿಸಿ, ಒಂದೊಂದೇ ಪೀಪಾಯಿಗೆ ಇಳಿಸಿದಳು. ಹೊಗೆ ಮಧ್ಯಾಹ್ನದವರೆಗೂ ಎದ್ದಿತು. ಡಾಕ್ಟರಮ್ಮ ನನ್ನ ಪಕ್ಕದಲ್ಲಿ ನಿಂತಿದ್ದರು. ಗುರುವಾರದ ಸಹಿಯ ಪುಟವನ್ನು ನೋಡಿದ್ದರು.

“ಆ ಕಾಗದದ ಚೀಲ ನಾನು ಹೂಕಾಲದಲ್ಲೇ ನೋಡಿದ್ದೆ” ಎಂದರು. “ಕಾಯಿ ಕಟ್ಟಿದ್ದೂ ನೋಡಿದ್ದೆ. ಏನೂ ಅನ್ನಲಿಲ್ಲ. ನಿಮಗೂ ಕಾಣಿಸಲ್ಲ ಅಂದ್ಕೊಂಡಿದ್ದೆ.” ಆ ತಿಂಗಳೇ ಕೆಲಸ ಬಿಟ್ಟು ಹೋದರು.

ಅವಳಪ್ಪ ಮುಂದಿನ ವಾರ ತೀರಿಕೊಂಡ. ನಾನು ಮನೆಗೆ ಹೋದೆ. ಹೋಗದಿರಲು ಮುಖವಿರಲಿಲ್ಲ, ಹೋಗಲೂ ಮುಖವಿರಲಿಲ್ಲ. ಒಂದೇ ಕೋಣೆ, ಕಿಟಕಿಯ ಬಳಿ ಸುತ್ತಿಟ್ಟ ಹಾಸಿಗೆ, ಹಿತ್ತಲಿನಲ್ಲಿ ಕಡಿದ ಮರದ ಬೊಡ್ಡೆ. ಅವಳು ನೀರು ತಂದುಕೊಟ್ಟಳು. ನಾನು ಏನೋ ಹೇಳಲು ಹೊರಟೆ, ಅವಳೇ ಮಾತಾಡಿದಳು. ಗೋಡೆ ನೋಡಿಕೊಂಡು ಮಾತಾಡಿದಳು.

“ಆವತ್ತು ಬಂದವಳೇ ಹೆಬ್ಬೆರಳನ್ನ ಅಪ್ಪನ ಮೂಗಿನ ಹತ್ರ ಹಿಡಿದೆ ಅಣ್ಣ. ವಾಸನೆ ಎಳ್ಕೊಂಡ್ರು. ಗುರುತು ಸಿಕ್ತು. ಕಣ್ಣಲ್ಲಿ ನೀರು ಬಂತು, ‘ಇದೇ’ ಅಂದ್ರು. ಅದೆಷ್ಟು ತಿಂಗಳ ಮೇಲೆ ಹೊಸ ಮಾತು. ಆಮೇಲೆ ಬಾಯಿ ತೆರೆದರು. ಈಗ ಕೊಡ್ತಾಳೆ ಅಂತ. ನಾನು ಏನು ಕೊಡ್ಲಿ? ಮುಚ್ಚಲೇ ಇಲ್ಲ. ಗಂಜಿ ಚಮಚ ತಾಗಿಸಿದ್ರೆ ನಾಲಿಗೇಲಿ ತಳ್ಳೋರು, ಮತ್ತೆ ತೆರೆಯೋರು. ಅವತ್ತಿಂದ ಕೊನೇವರೆಗೂ ಹಾಗೇ ಕಾಯ್ತಾ ಇದ್ರು.”

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಜನ ಸುಲಭವಾಗಿ ಹೇಳುತ್ತಾರೆ. ನಾನೂ ಹೇಳುತ್ತಿದ್ದೆ. ಈಗ ಆ ಮಾತು ನನ್ನ ಬಾಯಲ್ಲಿ ಹೊರಡುವುದಿಲ್ಲ.

ಕಸಿಯಕ್ಕ ಇನ್ನೂ ಕೇಂದ್ರದಲ್ಲೇ ಇದ್ದಾಳೆ. ಅಂಗಳದ ಹೂಕುಂಡಗಳಿಗೆ ನೀರು ಹಾಕುವ ಕೆಲಸ ಕೊಟ್ಟಿದ್ದಾರೆ. ಚಾಕು ಮುಟ್ಟುವುದಿಲ್ಲ. ಬಲೆಮನೆ ಖಾಲಿ ಬಿದ್ದಿದೆ. ಒಳಗೆ ಕಾಯಲು ಏನೂ ಇಲ್ಲ, ಆದರೂ ನನ್ನನ್ನು ಮೇಜಿನಿಂದ ಎಬ್ಬಿಸಿಲ್ಲ. ಅವಳು ಮನೆಗೆ ಹೋಗಲು ಈ ಕಡೆ ಬರಬೇಕಾಗಿಯೂ ಇಲ್ಲ, ಹೂಕುಂಡಗಳ ಬಳಿಯೇ ದೊಡ್ಡ ಗೇಟಿದೆ. ಆದರೂ ದಿನಾ ಐದಕ್ಕೆ ಸುತ್ತು ಹಾಕಿಕೊಂಡು ಬಂದು ನನ್ನ ಮುಂದೆ ನಿಲ್ಲುತ್ತಾಳೆ.

“ಬೇಡ ತಾಯಿ, ತೆರೀಬೇಡ” ಎನ್ನುತ್ತೇನೆ. ದಿನಾ ಎನ್ನುತ್ತೇನೆ.

ಅವಳು ಪಟ್ಟಿ ಬಿಚ್ಚಿ, ಮುಚ್ಚಳ ತೆಗೆದು, ಡಬ್ಬಿಯನ್ನು ನನ್ನ ಕಡೆ ವಾಲಿಸಿ ಹಿಡಿಯುತ್ತಾಳೆ. ನಾನು ಒಳಗೆ ನೋಡುವವರೆಗೂ ಹಿಡಿದೇ ಇರುತ್ತಾಳೆ. ನೋಡಿದ ಮೇಲೆ, “ಏನಿಲ್ಲಣ್ಣ” ಎನ್ನುತ್ತಾಳೆ.